ಇಂದಿನ ಓಟದ ಕಾರು ನಾಳಿನ ನಿಧಿಯಾದೀತೆ?

ಕಳೆದ ತಿಂಗಳು ನಮಗೆ ಜರ್ಮನಿ ದೇಶದ ಸ್ಟುಟ್‌ಗಾರ್ಟ್ ಪಟ್ಟಣದಿಂದ ಒಂದು ಪತ್ರ ಬಂದಿತು. ಬರೆದವನು ನಮ್ಮ ಹಳೆಯ ಶಿಷ್ಯ. ಪ್ರೌಢಶಾಲೆಯಲ್ಲಿ ನಮ್ಮ ಬಳಿ ಸಂಸ್ಕೃತವನ್ನೋದಿ, ಅನಂತರ ಯಂತ್ರಶಾಸ್ತ್ರವನ್ನು ಕಲಿತು, ಈಗ ಆ ಊರಿನಲ್ಲಿ ಸಂಸಾರಸಮೇತನಾಗಿ ನೆಲೆಸಿರುವನು. ಕ್ಷೇಮಸಮಾಚಾರಗಳಾದ ಮೇಲೆ ಅವನು ಬರೆದ ವಿಷಯವಿದು:

“ಮೇಷ್ಟರೇ, ಮಗಳಿಗೆ ಈಗ ಎಂಟು ವರ್ಷ. ಅವಳ ಮುಂದಿನ ಓದಿಗೆಂದು ನಾವಿಬ್ಬರೂ ದುಡಿದು ಸ್ವಲ್ಪ ಹಣ ಕೂಡಿಟ್ಟಿದ್ದೇವೆ. ಇದೇ ಊರಿನ ಪೋರ್ಷೆ ಕಂಪೆನಿಯವರು ಮಾಡಿದ ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿದೆ. ಇಂಥ ಗಾಡಿ ಇನ್ನು ಹುಟ್ಟುವುದಿಲ್ಲ, ಬೀಗ ಹಾಕಿ ಇಟ್ಟರೆ ಹತ್ತು ವರ್ಷಕ್ಕೆ ಒಂದೂವರೆ ಪಾಲು ಬೆಲೆ ಬರುತ್ತದೆ ಎಂದು ಮಾರುವವನು ಹೇಳುತ್ತಾನೆ. ನನಗೆ ಆಸೆ, ನನ್ನ ಹೆಂಡತಿಗೆ ಒಪ್ಪಿಗೆಯಿಲ್ಲ. ತಾವು ಹೇಳಿದಂತೆ ಕೇಳುವುದೆಂದು ಇಬ್ಬರೂ ನಿಶ್ಚಯಿಸಿದ್ದೇವೆ.”

ವಾಚಕರು ನಗಬಹುದು. ಬೈಸಿಕಲ್ಲಿನ ಹೊರತು ಬೇರೊಂದು ವಾಹನವನ್ನು ನಡೆಸಿ ಅರಿಯದ ನಮ್ಮಂಥವರಿಗೂ ಈ ಪ್ರಶ್ನೆಗೂ ಏನು ಸಂಬಂಧ? ಆದರೆ ಆ ಪತ್ರವನ್ನು ಪಕ್ಕಕ್ಕಿಡಲು ನಮ್ಮಿಂದಾಗಲಿಲ್ಲ. ಈ ಹುಡುಗನು ಒಂಬತ್ತನೆಯ ತರಗತಿಯಲ್ಲಿದ್ದಾಗ ಶಬ್ದರೂಪಗಳನ್ನು ಬರೆಯಬೇಕಾದ ಪುಸ್ತಕದ ತುಂಬ ಮೋಟಾರು ಗಾಡಿಗಳ ಚಿತ್ರ ಬರೆದಿದ್ದನು. ನಾವು ಆ ಹಾಳೆಯನ್ನು ಹರಿದು ಕಿಟಕಿಯಾಚೆಗೆ ಎಸೆದೆವು. ಆಗ ಅವನ ಮುಖ ಹೇಗಾಯಿತೆಂಬುದನ್ನು ನಾವು ಇಂದಿಗೂ ಮರೆತಿಲ್ಲ. ಅವನ ಆಸೆಯನ್ನು ಎರಡನೆಯ ಸಲವೂ ವಿಚಾರಮಾಡದೆ ಹರಿದುಹಾಕುವುದು ನ್ಯಾಯವಲ್ಲವೆಂದು ತೋರಿತು. ಆದ್ದರಿಂದ ಅವನು ಕಳುಹಿಸಿದ ಕಾಗದಪತ್ರಗಳನ್ನೂ ನಮ್ಮ ಮಗನು ಹುಡುಕಿಕೊಟ್ಟ ಬರಹಗಳನ್ನೂ ಒಂದು ತಿಂಗಳು ಓದಿದೆವು. ಓದಿ ತಿಳಿದದ್ದು ಬೇರೆ ಗೃಹಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿರುವೆವು.

ಮೊದಲು ಆ ಗಾಡಿಯ ವಿಚಾರ. ಅದರ ಹೆಸರು ೭೧೮ ಕೇಮನ್ ಜಿ.ಟಿ. ೪. ಇದು ೨೦೧೯ರಲ್ಲಿ ಪ್ರಕಟವಾಯಿತು. ಇಬ್ಬರು ಮಾತ್ರ ಕೂಡುವ ಗಾಡಿ. ಅವರ ಬೆನ್ನಹಿಂದೆ ನಾಲ್ಕು ಲೀಟರಿನ, ಆರು ಸಿಲಿಂಡರುಗಳ, ೪೨೦ ಅಶ್ವಶಕ್ತಿಯ ಪೆಟ್ರೋಲ್ ಯಂತ್ರ. ಗಂಟೆಗೆ ೩೦೦ ಕಿಲೋಮೀಟರಿಗೂ ಮಿಕ್ಕ ವೇಗ. ಈ ಕಾಲದ ಬಹುತೇಕ ಯಂತ್ರಗಳಲ್ಲಿರುವಂತೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದರಲ್ಲಿಲ್ಲ. ಗೇರನ್ನು ಕೈಯಿಂದಲೇ ಬದಲಿಸುವ ಏರ್ಪಾಡು ಉಂಟು. ಹೊಸದಾಗಿ ಬಂದಾಗ ಜರ್ಮನಿಯಲ್ಲಿ ಇದರ ಬೆಲೆ ಸುಮಾರು ೯೬,೦೦೦ ಯೂರೋ. ಹೆಚ್ಚಾಗಿ ಓಡದ ಒಂದು ಗಾಡಿ ಈಗ ಅದೇ ಬೆಲೆಗೆ ಸಿಕ್ಕುವುದೆಂದು ಶಿಷ್ಯನು ಬರೆದಿರುವನು. ವಸ್ತು ಒಳ್ಳೆಯದೆಂಬುದರಲ್ಲಿ ವಿವಾದವಿಲ್ಲ. ಒಳ್ಳೆಯ ವಸ್ತುವೆಲ್ಲವೂ ನಿಧಿಯಾಗುವುದೇ ಎಂಬುದೊಂದೇ ಪ್ರಶ್ನೆ.

ಇಂಥ ಮಾತು ಬಂದಾಗ ಮಾರುವವರು ಮೊದಲು ತೆಗೆಯುವ ಉದಾಹರಣೆ ಇಟಲಿ ದೇಶದ ಫೆರಾರಿ ೨೫೦ ಜಿ.ಟಿ.ಓ. ಎಂಬ ಗಾಡಿಯದು. ೧೯೬೨ರಿಂದ ೧೯೬೪ರ ವರೆಗೆ ಇವುಗಳಲ್ಲಿ ೩೬ನ್ನು ಮಾತ್ರ ಮಾಡಿದರು. ಆಗ ಅಮೆರಿಕದಲ್ಲಿ ಒಂದರ ಬೆಲೆ ಸುಮಾರು ೧೮,೦೦೦ ಡಾಲರು. ೨೦೧೮ರಲ್ಲಿ ಒಂದು ಗಾಡಿ ಕ್ಯಾಲಿಫೋರ್ನಿಯದ ಹರಾಜಿನಲ್ಲಿ ೪ ಕೋಟಿ ೮೪ ಲಕ್ಷ ಡಾಲರಿಗೆ ಹೋಯಿತು. ಇದಕ್ಕೂ ಮಿಗಿಲಾದುದು ನಮ್ಮ ಶಿಷ್ಯನ ಊರಿನಲ್ಲಿಯೇ ನಡೆದಿದೆ. ಮರ್ಸಿಡಿಸ್ ಕಂಪೆನಿಯವರು ೧೯೫೫ರಲ್ಲಿ ತಯಾರಿಸಿದ, ಲೋಕದಲ್ಲಿ ಎರಡೇ ಎರಡು ಇರುವ, ‘ಊಲೆನ್‌ಹೌಟ್ ಕೂಪೆ’ ಎಂಬ ಗಾಡಿಗಳಲ್ಲಿ ಒಂದನ್ನು ೨೦೨೨ರ ಮೇ ತಿಂಗಳಿನಲ್ಲಿ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ೧೩ ಕೋಟಿ ೫೦ ಲಕ್ಷ ಯೂರೋಗಳಿಗೆ ಮಾರಿದರು. ಆ ಹಣವನ್ನು ಯುವಕರ ವಿದ್ಯಾರ್ಥಿವೇತನಗಳಿಗಾಗಿ ಮುಡಿಪಿಟ್ಟರೆಂದು ಓದಿ, ಉಪಾಧ್ಯಾಯರಾದ ನಮಗೆ ಸಂತೋಷವೇ ಆಯಿತು.

ಇದನ್ನು ಕೇಳಿದವರು ‘ಅದು ಹಾಗಾಯಿತು, ಇದೂ ಹಾಗೆಯೇ ಆದೀತು’ ಎಂದುಕೊಳ್ಳುವರು. ಶಾಸ್ತ್ರದಲ್ಲಿ ಸ್ಥಾಲೀಪುಲಾಕನ್ಯಾಯವೆಂಬುದೊಂದುಂಟು. ಒಂದು ಅಗುಳನ್ನು ಹಿಚುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿದೆಯೆಂದು ತಿಳಿಯುವುದು ಅದರ ಅರ್ಥ. ಯಾವ ಗೃಹಿಣಿಗೂ ಇದನ್ನು ಹೇಳಿಕೊಡಬೇಕಾದದ್ದಿಲ್ಲ. ಆದರೆ ಎಲ್ಲ ಅಗುಳುಗಳೂ ಒಂದೇ ಪಾತ್ರೆಯಲ್ಲಿ ಒಂದೇ ಉರಿಯಲ್ಲಿ ಬೆಂದಿದ್ದರೆ ಮಾತ್ರ ಈ ನ್ಯಾಯ ಸಲ್ಲುವುದು. ಹಿಂದೊಂದು ಗಾಡಿಗೆ ಬಂದ ಬೆಲೆಯಿಂದ ಇಂದಿನ ಗಾಡಿಯ ಭವಿಷ್ಯವನ್ನು ಹೇಳುವವನು, ಪಕ್ಕದ ಮನೆಯ ಅಗುಳನ್ನು ಹಿಚುಕಿ ತನ್ನ ಮನೆಯ ಅನ್ನ ಬೆಂದಿತೆಂದು ಎಲೆ ಹಾಕಿದವನಂತೆಯೇ ಸರಿ.

ಆ ಫೆರಾರಿಗಳ ಪೂರ್ವಕಥೆಯೇ ಇದಕ್ಕೆ ಸಾಕ್ಷಿ. ಅವು ಪಂದ್ಯಕ್ಕೆಂದು ಹುಟ್ಟಿದವು. ಪಂದ್ಯಗಳ ಕಾಲ ಮುಗಿದ ಮೇಲೆ ಅವುಗಳನ್ನು ಕೇಳುವವರಿರಲಿಲ್ಲ. ಅವುಗಳಲ್ಲೊಂದನ್ನು ಒಡೆಯನು ಅಮೆರಿಕದ ಟೆಕ್ಸಾಸ್ ಪ್ರಾಂತದ ಒಂದು ಪ್ರೌಢಶಾಲೆಗೆ ದಾನ ಮಾಡಿದನು. ಅಲ್ಲಿ ಹುಡುಗರು ಅದನ್ನು ಇಟ್ಟುಕೊಂಡು ಮೋಟಾರು ರಿಪೇರಿಯ ಪಾಠ ಕಲಿತರು. ೧೯೭೨ರಲ್ಲಿ ಆ ಶಾಲೆಯವರು ಅದನ್ನು ಸುಮಾರು ೬,೫೦೦ ಡಾಲರಿಗೆ ಮಾರಿಬಿಟ್ಟರು. ಆ ಉಪಾಧ್ಯಾಯರನ್ನು ದಡ್ಡರೆಂದು ನಾವು ಹೇಳಲಾರೆವು. ಅದು ನಿಧಿಯೆಂದು ಅಂದು ಯಾರಿಗೂ ತಿಳಿದಿರಲಿಲ್ಲ. ತಿಳಿದಿದ್ದರೆ ಎಲ್ಲರೂ ಬಚ್ಚಿಡುತ್ತಿದ್ದರು. ಎಲ್ಲರೂ ಬಚ್ಚಿಟ್ಟಿದ್ದರೆ ಅದು ನಿಧಿಯಾಗುತ್ತಲೂ ಇರಲಿಲ್ಲ. ಇಂದು ಮಾರುವವನೇ ‘ಇದು ನಿಧಿ, ಬಚ್ಚಿಡಿರಿ’ ಎಂದು ಸಾವಿರ ಜನರಿಗೆ ಹೇಳುತ್ತಿರುವನು. ಆ ಸಾವಿರ ಜನರೂ ಹತ್ತು ವರ್ಷದ ಮೇಲೆ ಹೊಳೆಯುವ ಸಾವಿರ ಗಾಡಿಗಳನ್ನು ಒಟ್ಟಿಗೆ ಸಂತೆಗೆ ತಂದರೆ ಕೊಳ್ಳುವವರಾರು?

ಇನ್ನು ಒಂದೇ ತರಗತಿಯ ಇಬ್ಬರು ವಿದ್ಯಾರ್ಥಿಗಳಂತಿದ್ದ ಎರಡು ಗಾಡಿಗಳನ್ನು ನೋಡೋಣ. ಎರಡೂ ಇಂಗ್ಲೆಂಡಿನವು, ಎರಡೂ ೧೯೯೨ರ ಸುಮಾರಿಗೆ ಹೊರಬಂದವು, ಎರಡರ ಬೆಲೆಯೂ ಐದು ಲಕ್ಷ ಪೌಂಡಿನ ಆಸುಪಾಸು. ಒಂದು ಜಾಗ್ವಾರ್ ಎಕ್ಸ್.ಜೆ. ೨೨೦, ಇನ್ನೊಂದು ಮೆಕ್‌ಲಾರೆನ್ ಎಫ್. ೧.

ಜಾಗ್ವಾರನ್ನು ೧೯೮೮ರ ಪ್ರದರ್ಶನದಲ್ಲಿ ಮೊದಲು ತೋರಿಸಿದಾಗ ಅದರಲ್ಲಿ ಹನ್ನೆರಡು ಸಿಲಿಂಡರುಗಳ ಯಂತ್ರವಿತ್ತು. ಆ ಕಾಲದಲ್ಲಿ ಹಳೆಯ ಫೆರಾರಿಗಳ ಬೆಲೆ ದಿನದಿನಕ್ಕೂ ಏರುತ್ತಿದ್ದಿತು. ಕೊಂಡು ಮಾರಿ ಲಾಭ ಹೊಡೆಯಬೇಕೆಂದು ಅನೇಕರು ಒಬ್ಬೊಬ್ಬರು ೫೦,೦೦೦ ಪೌಂಡುಗಳ ಮುಂಗಡವನ್ನು ಕೊಟ್ಟು ಕಾದರು. ೧೯೯೦ರ ಸುಮಾರಿಗೆ ಪೇಟೆ ಬಿದ್ದುಹೋಯಿತು. ಗಾಡಿ ಕೈಗೆ ಬರುವ ಹೊತ್ತಿಗೆ ಹನ್ನೆರಡರ ಬದಲು ಆರು ಸಿಲಿಂಡರುಗಳ ಯಂತ್ರ ಅದರಲ್ಲಿ ಕುಳಿತಿದ್ದಿತು. ನಮಗೆ ಬೇಡವೆಂದು ಹಲವರು ನ್ಯಾಯಸ್ಥಾನದವರೆಗೂ ಹೋದರು. ಮುನ್ನೂರಕ್ಕೆ ಒಳಗಾಗಿಯೇ ತಯಾರಿಕೆ ನಿಂತಿತು. ವೇಗದಲ್ಲಿ ಅದು ಅಂದು ಲೋಕದಲ್ಲೇ ಅಗ್ರಗಣ್ಯವಾಗಿದ್ದರೂ ಬಹುಕಾಲ ಮೂಲಬೆಲೆಗಿಂತ ಎಷ್ಟೋ ಕಡಿಮೆಗೆ ಮಾರಾಟವಾಗುತ್ತಿದ್ದು, ಮೂವತ್ತು ವರ್ಷಗಳಾದ ಮೇಲೆ ಹೊಸತರಲ್ಲಿ ಕೊಟ್ಟ ಅಂಕೆಯ ಹತ್ತಿರಕ್ಕೆ ಬಂದಿತು. ನಡುವೆ ಪೌಂಡಿನ ಕೊಳ್ಳುವ ಶಕ್ತಿ ಎಷ್ಟು ಕುಗ್ಗಿತೆಂಬುದನ್ನು ಲೆಕ್ಕಕ್ಕೆ ಹಿಡಿದರೆ, ಕೊಂಡಿಟ್ಟವನಿಗೆ ನಷ್ಟವೇ.

ಮೆಕ್‌ಲಾರೆನ್ನಿನ ಬೆಲೆ ೫,೪೦,೦೦೦ ಪೌಂಡು. ಚಾಲಕನು ನಡುವೆ ಕುಳಿತು, ಅವನ ಎರಡು ಪಕ್ಕಗಳಲ್ಲಿ ಸ್ವಲ್ಪ ಹಿಂದೆ ಇನ್ನಿಬ್ಬರು ಕೂಡುವ ವಿಚಿತ್ರ ರಚನೆ. ಇದಕ್ಕೂ ನಿರೀಕ್ಷಿಸಿದಷ್ಟು ಗಿರಾಕಿಗಳಿಲ್ಲದೆ ೧೦೬ಕ್ಕೆ ತಯಾರಿಕೆ ನಿಂತಿತು. ಆದರೆ ಅದರ ಪಂದ್ಯದ ರೂಪವು ೧೯೯೫ರಲ್ಲಿ ಫ್ರಾನ್ಸ್ ದೇಶದ ಲ ಮಾನ್ಸ್ ಎಂಬ ಊರಿನ ಇಪ್ಪತ್ತನಾಲ್ಕು ಗಂಟೆಗಳ ಮಹಾಪಂದ್ಯವನ್ನು ಗೆದ್ದಿತು. ೧೯೯೮ರಲ್ಲಿ ಗಂಟೆಗೆ ೩೮೬ ಕಿಲೋಮೀಟರು ಓಡಿ ದಾಖಲೆಯಾಯಿತು. ೨೦೨೧ರಲ್ಲಿ ಒಂದು ಗಾಡಿ ೨ ಕೋಟಿ ಡಾಲರಿಗೂ ಮಿಕ್ಕ ಬೆಲೆಗೆ ಹರಾಜಾಯಿತು.

ಹೊಸತರಲ್ಲಿ ಇವೆರಡನ್ನೂ ನೋಡಿದವರಲ್ಲಿ ಎಷ್ಟು ಜನ ಇಷ್ಟು ಅಂತರವನ್ನು ಊಹಿಸಿದ್ದಾರು? ನಾವು ಮೂವತ್ತೈದು ವರ್ಷ ಪಾಠ ಹೇಳಿದೆವು. ಮೊದಲನೆಯ ಬೆಂಚಿನವನು ಜಿಲ್ಲಾಧಿಕಾರಿಯಾಗುವನೆಂದೂ ಕೊನೆಯ ಬೆಂಚಿನವನು ಕೆಟ್ಟುಹೋಗುವನೆಂದೂ ಎಷ್ಟೋ ಸಲ ಭವಿಷ್ಯ ನುಡಿದೆವು, ಬಹುಪಾಲು ಸುಳ್ಳಾಯಿತು. ಕಣ್ಣೆದುರಿನಲ್ಲಿ ಬೆಳೆದ ಮಕ್ಕಳ ವಿಷಯದಲ್ಲಿಯೇ ಹೀಗಾದರೆ ಯಂತ್ರದ ವಿಷಯವನ್ನು ಹೇಳತಕ್ಕದ್ದೇನು?

ಆದರೂ ಕಾರಣಗಳನ್ನು ಹುಡುಕಿದರೆ ಕೆಲವು ಗೋಚರಿಸುತ್ತವೆ. ಮೊದಲನೆಯದು ಕೀರ್ತಿ, ಗಾಡಿ ತಾನೇ ಏನನ್ನಾದರೂ ಸಾಧಿಸಿರಬೇಕು. ಎರಡನೆಯದು ನಿಜವಾದ ದುರ್ಲಭತೆ. ಮೂರನೆಯದು ದೀರ್ಘಾಯುಷ್ಯ, ಕೆಟ್ಟರೆ ಸರಿಮಾಡಲು ಸಾಧ್ಯವಿರಬೇಕು. ಎಲ್ಲಕ್ಕೂ ಮಿಗಿಲಾದುದು ಜನರ ಪ್ರೀತಿ. ಈ ನಾಲ್ಕನ್ನೂ ನಮ್ಮ ಶಿಷ್ಯನ ಗಾಡಿಗೆ ಹಿಡಿದು ನೋಡೋಣ.

ಕೀರ್ತಿಯ ವಿಷಯದಲ್ಲಿ ಪೋರ್ಷೆಯ ಮನೆತನ ದೊಡ್ಡದು. ಪಂದ್ಯಗಳಲ್ಲಿ ಅವರು ಗಳಿಸಿದ ಹೆಸರು ಅಳಿಯತಕ್ಕದ್ದಲ್ಲ. ಆದರೆ ಆ ಹೆಸರಿನ ಬಹುಭಾಗ ಅವರ ಹಿರಿಯ ಮಗನಾದ ೯೧೧ ಎಂಬ ಗಾಡಿಗೆ ಸೇರಿದುದು. ಕೇಮನ್ ಆ ಮನೆಯ ಕಿರಿಯನು. ದುರ್ಲಭತೆಯೋ, ಈ ಗಾಡಿಗೆ ಸಂಖ್ಯೆಯ ಮಿತಿಯನ್ನೇ ಅವರು ಹಾಕಿರಲಿಲ್ಲ. ಆ ನಾಲ್ಕು ಲೀಟರಿನ ಯಂತ್ರವನ್ನು ಅದರ ಒಡಹುಟ್ಟಿದ ಬೇರೆ ಗಾಡಿಗಳಲ್ಲಿಯೂ ಇಟ್ಟರು.

ಮಿತಿ ಹಾಕಿದರೂ ಏನಾಗುವುದೆಂಬುದಕ್ಕೆ ಅದೇ ಕಂಪೆನಿಯ ೯೧೧ ಆರ್ ಎಂಬ ಗಾಡಿ ನಿದರ್ಶನ. ೨೦೧೬ರಲ್ಲಿ ಇದನ್ನು ೯೯೧ ಮಾತ್ರವೆಂದು ಸಾರಿ ಮಾಡಿದರು. ಅಷ್ಟು ಬಲವುಳ್ಳ ಯಂತ್ರಕ್ಕೆ ಕೈಗೇರು ಇರುವುದು ಇದೊಂದರಲ್ಲಿಯೇ ಎಂದು ಜನ ಮುಗಿಬಿದ್ದರು. ಸುಮಾರು ೧,೮೫,೦೦೦ ಡಾಲರಿನ ಗಾಡಿಗೆ ಅದರ ಹಲವು ಪಾಲು ಬೆಲೆಯನ್ನು ಕೇಳತೊಡಗಿದರು. ಮರುವರ್ಷವೇ ಕಂಪೆನಿಯವರು, ಸಂಖ್ಯೆಯ ಮಿತಿಯಿಲ್ಲದ ಜಿ.ಟಿ. ೩ ಎಂಬ ಗಾಡಿಯಲ್ಲಿ ಅದೇ ಕೈಗೇರನ್ನು ಕೊಟ್ಟರು. ಏರಿದ ಬೆಲೆ ಇಳಿಯಿತು. ಇಂದಿಗೂ ಆ ಗಾಡಿಗೆ ಮೂಲಬೆಲೆಗಿಂತ ಹೆಚ್ಚು ಬೆಲೆಯುಂಟು, ನಿಜ. ಆದರೆ ತುತ್ತತುದಿಯಲ್ಲಿ ಕೊಂಡವನು ಕೆಟ್ಟನು. ಹರಿಯುವ ನೀರಿಗೆ ಕಟ್ಟೆ ಕಟ್ಟಿದವನೇ ಅದನ್ನು ಒಡೆಯಬಲ್ಲನೆಂಬುದನ್ನು ಮರೆಯಬಾರದು.

‘ಇಂಥ ಗಾಡಿ ಇನ್ನು ಹುಟ್ಟುವುದಿಲ್ಲ’ ಎಂಬ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ೨೦೩೫ರಿಂದ ಹೊಗೆಯುಗುಳುವ ಹೊಸ ಕಾರುಗಳ ಮಾರಾಟವನ್ನು ನಿಲ್ಲಿಸಬೇಕೆಂದು ಯೂರೋಪಿನ ಒಕ್ಕೂಟದವರು ೨೦೨೩ರಲ್ಲಿ ಶಾಸನ ಮಾಡಿದರು. ೨೦೨೫ರಲ್ಲಿ ಪೆಟ್ರೋಲಿನ ೭೧೮ ಗಾಡಿಗಳ ತಯಾರಿಕೆಯೂ ನಿಂತಿತು. ಆದರೆ ಆ ಶಾಸನವನ್ನು ಸಡಿಲಿಸಬೇಕೆಂಬ ಸಲಹೆಗಳು ಆಗಲೇ ಹೊರಟಿವೆ. ಮುಂದಿನ ೭೧೮ರ ಮೇಲ್ದರ್ಜೆಯ ಗಾಡಿಗಳಿಗೆ ಪೆಟ್ರೋಲ್ ಯಂತ್ರವನ್ನು ಮತ್ತೆ ಇಡುವ ಆಲೋಚನೆಯನ್ನು ಕಂಪೆನಿಯವರೂ ೨೦೨೫ರಲ್ಲಿಯೇ ತಿಳಿಸಿದರು. ‘ಇದೇ ಕೊನೆಯದು’ ಎಂಬ ಮಾತನ್ನು ನಂಬಿ ಗಂಟು ಬಿಚ್ಚಬಾರದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಿಲ್ಲ.

ಮೂರನೆಯದಾದ ದೀರ್ಘಾಯುಷ್ಯವೇ ಈ ಕಾಲದ ಗಾಡಿಗಳಿಗೆ ದೊಡ್ಡ ತೊಡಕು. ೧೯೬೨ರ ಫೆರಾರಿಯಲ್ಲಿ ಇದ್ದದ್ದೆಲ್ಲ ಕಬ್ಬಿಣ, ಅಲ್ಯುಮಿನಿಯಂ, ತೊಗಲು, ರಬ್ಬರು. ನುರಿತ ಕೆಲಸಗಾರನು ಸವೆದ ಭಾಗವನ್ನು ನೋಡಿ ಅದರಂತೆ ಇನ್ನೊಂದನ್ನು ಕಡೆದು ಕೂಡಿಸಬಲ್ಲನು. ಇಂದಿನ ಗಾಡಿಯಲ್ಲಿ ಪೆಟ್ರೋಲು ಚಿಮ್ಮುವುದರಿಂದ ಹಿಡಿದು ಬ್ರೇಕು ಹಿಡಿಯುವವರೆಗೆ ಎಲ್ಲವೂ ಒಳಗಿರುವ ಗಣಕಗಳ ಅಪ್ಪಣೆಯಂತೆ ನಡೆಯುವುದು. ಆ ಗಣಕದ ಚಿಪ್ಪನ್ನು ಯಾವ ಕಮ್ಮಾರನೂ ಕಡೆಯಲಾರನು. ಮೇಲೆ ಹೇಳಿದ ಮೆಕ್‌ಲಾರೆನ್ನಿನಲ್ಲಿಯೇ ಇದರ ಮೊದಲ ಸೂಚನೆ ಕಂಡಿತು. ಅದನ್ನು ಪರೀಕ್ಷಿಸುವುದಕ್ಕೆ ೧೯೯೦ರ ದಶಕದ ಕಾಂಪ್ಯಾಕ್ ಲ್ಯಾಪ್‌ಟಾಪೇ ಬೇಕಾಗಿದ್ದಿತು. ಕಂಪೆನಿಯವರು ಅಂಥ ಹಳೆಯ ಲ್ಯಾಪ್‌ಟಾಪುಗಳನ್ನು ಹುಡುಕಿ ಕೊಂಡಿಟ್ಟುಕೊಳ್ಳುತ್ತಿದ್ದರೆಂದು ೨೦೧೬ರಲ್ಲಿ ವರದಿಯಾಯಿತು. ಕೋಟಿ ಕೋಟಿ ಬೆಲೆಯ ಗಾಡಿಯ ಪ್ರಾಣ ಗುಜರಿಗೆ ಹೋಗಬೇಕಾದ ಒಂದು ಪೆಟ್ಟಿಗೆಯಲ್ಲಿ! ೧೦೬ ಗಾಡಿಗಳ ಶ್ರೀಮಂತ ಒಡೆಯರಿಗಾಗಿ ಕಂಪೆನಿ ಇಷ್ಟು ಪಾಡುಪಡಬಹುದು. ಸಂಬಳದ ಗೃಹಸ್ಥನು ತನ್ನ ಒಂದು ಗಾಡಿಗಾಗಿ ಏನು ಮಾಡಿಯಾನು? ಪೋರ್ಷೆಯವರು ತಮ್ಮ ಹಳೆಯ ಗಾಡಿಗಳ ಬಿಡಿಭಾಗಗಳನ್ನು ಬಹುಕಾಲ ಒದಗಿಸುವವರೆಂಬುದೊಂದೇ ಇಲ್ಲಿ ಸ್ವಲ್ಪ ಸಮಾಧಾನ.

ನಾಲ್ಕನೆಯದು ಪ್ರೀತಿ. ಇದಕ್ಕೆ ದೂರ ಹೋಗಬೇಕಾದದ್ದಿಲ್ಲ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೧ರಿಂದ ಜಾವಾ, ಯೆಜ್ಡಿ ಮೋಟಾರ್‌ಸೈಕಲ್ಲುಗಳು ತಯಾರಾಗುತ್ತಿದ್ದವು. ಅವು ಹಾಲಿನವನೂ ಗುಮಾಸ್ತೆಯೂ ಹತ್ತುತ್ತಿದ್ದ ಸಾಧಾರಣ ಗಾಡಿಗಳು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಇಂದು ಅವುಗಳನ್ನು ಹುಡುಕಿ, ತಿಕ್ಕಿ ತೊಳೆದು, ಮಗುವಿನಂತೆ ಕಾಪಾಡುವ ಜನ ಎಷ್ಟೋ ಮಂದಿ ಇದ್ದಾರೆ. ಇವರು ಲಾಭಕ್ಕೆಂದು ಕೊಂಡವರಲ್ಲ. ತಂದೆಯ ಬೆನ್ನಿಗೆ ಆತು ಕುಳಿತು ಹೋದ ದಿನವನ್ನು ಮರಳಿ ಕೊಳ್ಳುತ್ತಿರುವವರು. ಹುಡುಗನಾಗಿದ್ದಾಗ ನೋಡಿ ಆಸೆಪಟ್ಟವನು ಐವತ್ತನೆಯ ವಯಸ್ಸಿಗೆ ಕೈಯಲ್ಲಿ ಹಣ ಬಂದಾಗ ಬೆಲೆ ಕಟ್ಟುವನು. ಆದರೆ ಈ ಪ್ರೀತಿ ಹುಟ್ಟಬೇಕಾದರೆ ಗಾಡಿ ಬೀದಿಯಲ್ಲಿ ಓಡಿರಬೇಕು. ಬೀಗದೊಳಗಿನ ಗಾಡಿಯನ್ನು ಯಾವ ಹುಡುಗನೂ ಪುಸ್ತಕದಲ್ಲಿ ಬರೆಯುವುದಿಲ್ಲ.

ಇನ್ನು ಲೆಕ್ಕಾಚಾರ. ನಮ್ಮ ಹಿರಿಯರು ‘ಯೋಗಕ್ಷೇಮ’ವೆಂದರು. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ. ಮಾರುವವರು ಯೋಗವನ್ನು ಮಾತ್ರ ಹೇಳುವರು. ಕ್ಷೇಮದ ಖರ್ಚನ್ನು ಹೇಳರು. ೯೬,೦೦೦ ಯೂರೋಗಳನ್ನು ಶೇಕಡಾ ೩ರ ಚಕ್ರಬಡ್ಡಿಗೆ ಇಟ್ಟರೆ ಹತ್ತು ವರ್ಷಗಳಲ್ಲಿ ಸುಮಾರು ೧,೨೯,೦೦೦ ಆಗುವುದು. ಗಾಡಿಯನ್ನು ಕೊಂಡರೋ, ವಿಮೆ, ತೆರಿಗೆ, ನಿಲ್ಲಿಸುವ ಜಾಗದ ಬಾಡಿಗೆ, ನಿಂತಲ್ಲಿಯೇ ಹಳತಾಗುವ ಟೈರು, ಎಣ್ಣೆ, ಬ್ಯಾಟರಿ ಎಲ್ಲ ಸೇರಿ ವರ್ಷಕ್ಕೆ ೨,೫೦೦ ಎಂದು ಇಟ್ಟುಕೊಂಡರೂ ಹತ್ತು ವರ್ಷಕ್ಕೆ ೨೫,೦೦೦. ಆದ್ದರಿಂದ ಹತ್ತು ವರ್ಷಗಳ ಮೇಲೆ ಗಾಡಿ ೧,೫೪,೦೦೦ಕ್ಕೆ ಮಾರಾಟವಾದರೆ ಬ್ಯಾಂಕಿನಲ್ಲಿಟ್ಟದ್ದಕ್ಕೆ ಸರಿಸಮ. ಮಾರುವವನು ಆಸೆ ತೋರಿಸಿದ ಒಂದೂವರೆ ಪಾಲು ಎಷ್ಟು? ೧,೪೪,೦೦೦. ಅಂದರೆ ಅವನ ಮಾತು ಅಕ್ಷರಶಃ ನಿಜವಾದರೂ ನಮ್ಮ ಶಿಷ್ಯನಿಗೆ ಹತ್ತು ಸಾವಿರ ನಷ್ಟ! ಈ ಲೆಕ್ಕವನ್ನು ಅವನ ಹೆಂಡತಿ ಕಾಗದದಲ್ಲಿ ಬರೆಯದೆ ಮನಸ್ಸಿನಲ್ಲಿಯೇ ಮಾಡಿದ್ದಳೆಂದು ನಮಗೆ ತೋರುತ್ತದೆ.

ಕಾಲದ ವಿಚಾರವೂ ಒಂದುಂಟು. ಜರ್ಮನಿಯಲ್ಲಿ ಗಾಡಿಯೊಂದು ‘ಚಾರಿತ್ರಿಕ ವಾಹನ’ವೆಂಬ ವಿಶೇಷ ಫಲಕವನ್ನು ಪಡೆದು ತೆರಿಗೆಯ ಸೌಲಭ್ಯಕ್ಕೆ ಅರ್ಹವಾಗಬೇಕಾದರೆ ಮೂವತ್ತು ವರ್ಷ ತುಂಬಿರಬೇಕು, ಮೂಲಸ್ಥಿತಿಯಲ್ಲಿಯೂ ಇರಬೇಕು. ನಮ್ಮ ದೇಶದಲ್ಲಿ ೨೦೨೧ರ ನಿಯಮದಂತೆ ಐವತ್ತು ವರ್ಷ. ೨೦೨೦ರಲ್ಲಿ ರಸ್ತೆಗಿಳಿದ ಗಾಡಿಗೆ ಅಲ್ಲಿಯೂ ೨೦೫೦ರ ವರೆಗೆ ಕಾಯಬೇಕು. ಮಗಳ ವಿದ್ಯೆ ಅಷ್ಟುಕಾಲ ಕಾಯುವುದಿಲ್ಲ. ಅವಳಿಗೆ ಹದಿನೆಂಟು ತುಂಬಿದ ವರ್ಷವೇ ಹಣ ಬೇಕು. ಆ ವರ್ಷ ಪೇಟೆ ಬಿದ್ದಿದ್ದರೆ ‘ಸ್ವಲ್ಪ ತಡೆ, ಗಾಡಿಗೆ ಬೆಲೆ ಬರಲಿ’ ಎಂದು ತಂದೆ ಮಗಳಿಗೆ ಹೇಳಲಾದೀತೆ?

ಆದ್ದರಿಂದ ನಮ್ಮ ತೀರ್ಮಾನವಿದು. ಈ ಗಾಡಿ ಹಳೆಯ ಕಬ್ಬಿಣದ ಬೆಲೆಗೆ ಇಳಿಯತಕ್ಕದ್ದಲ್ಲ. ಕೈಗೇರಿನ, ಟರ್ಬೊ ಇಲ್ಲದ ಯಂತ್ರದ ರುಚಿ ಬಲ್ಲವರು ಮುಂದೆಯೂ ಇದನ್ನು ಹುಡುಕುವರು; ಒಳ್ಳೆಯ ಸ್ಥಿತಿಯಲ್ಲಿದ್ದರೆ ಬಹುಪಾಲು ಕಾರುಗಳಿಗಿಂತ ಹೆಚ್ಚಾಗಿ ಬೆಲೆಯನ್ನು ಉಳಿಸಿಕೊಳ್ಳುವುದು. ಆದರೆ ಉಳಿಸಿಕೊಳ್ಳುವುದು ಬೇರೆ, ನಿಧಿಯಾಗುವುದು ಬೇರೆ. ಕೋಟಿಗಟ್ಟಲೆ ಬೆಲೆ ಬರುವ ಗಾಡಿಗಳ ಪಂಕ್ತಿಯಲ್ಲಿ ಇದಕ್ಕೆ ಎಲೆ ಹಾಕಿರುವುದು ನಮಗೆ ಕಾಣುವುದಿಲ್ಲ. ಲಾಭಕ್ಕೆಂದು ಬೀಗ ಹಾಕಿದರೆ ಲಾಭವೂ ನಿಶ್ಚಯವಿಲ್ಲ, ಓಡಿಸಿದ ಸುಖವೂ ಇಲ್ಲ.

ನಾವು ಶಿಷ್ಯನಿಗೆ ಹೀಗೆ ಬರೆದೆವು: “ಚಿರಂಜೀವಿಗೆ ಆಶೀರ್ವಾದಗಳು. ಮಗಳ ಹಣ ಮಗಳದು, ಅದನ್ನು ಮುಟ್ಟಬೇಡ. ಈ ವಿಷಯದಲ್ಲಿ ನಿನ್ನ ಹೆಂಡತಿಯ ಮಾತು ಶಾಸ್ತ್ರಸಮ್ಮತವಾಗಿದೆ. ಆದರೆ ನಿನ್ನ ಆಸೆಯನ್ನು ಕೊಲ್ಲೆಂದು ನಾವು ಹೇಳುವುದಿಲ್ಲ. ಆ ಹಣವನ್ನು ಬದಿಗಿಟ್ಟು, ಕೆಲವು ವರ್ಷ ಬೇರೆಯಾಗಿ ಕೂಡಿಸಿ, ಕೈಗೆಟುಕುವ ಹಳೆಯದೊಂದು ಚಿಕ್ಕ ಸ್ಪೋರ್ಟ್ಸ್ ಕಾರನ್ನು ಕೊಂಡುಕೋ. ಕೊಟ್ಟ ಹಣ ಹೋಯಿತೆಂದು ಮೊದಲೇ ಬರೆದಿಟ್ಟುಬಿಡು. ಬೀಗ ಹಾಕಬೇಡ, ಭಾನುವಾರಗಳಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸು. ಅವಳು ಅದರ ಚಿತ್ರವನ್ನು ಪಾಠದ ಪುಸ್ತಕದಲ್ಲಿ ಬರೆದಳಾದರೆ, ಆ ಹಾಳೆಯನ್ನು ಯಾರೂ ಹರಿಯದಂತೆ ನೋಡಿಕೋ.”

ಉತ್ತರ ಎರಡು ದಿನಗಳಲ್ಲಿ ಬಂದಿತು. ಮೊದಲನೆಯ ಪಂಕ್ತಿ ಅವನ ಹೆಂಡತಿಯದು: “ಮೇಷ್ಟರಿಗೆ ನಮಸ್ಕಾರಗಳು. ಹಣ ಬ್ಯಾಂಕಿನಲ್ಲಿಯೇ ಇದೆ.” ಅದರ ಕೆಳಗೆ ಶಿಷ್ಯನು ಬರೆದದ್ದು ಒಂದೇ ಮಾತು: “ಮೇಷ್ಟರೇ, ಆ ಹಾಳೆಯನ್ನು ನಾನು ಆವೊತ್ತೇ ಕಿಟಕಿಯ ಆಚೆಯಿಂದ ಆರಿಸಿಕೊಂಡಿದ್ದೆ, ಈಗಲೂ ನನ್ನ ಹತ್ತಿರ ಇದೆ.”